ಅಮ್ಮನ ಸಿಸ್ಟಮ್‌ನಲ್ಲಿ ‘ಸಿಸ್ಟಮ್’ ಇಲ್ಲ

ಸಾಗರದ ನಮ್ಮ ಮನೇಲಿ 2007ರಲ್ಲಿ ತಗೊಂಡ ಕಂಪ್ಯೂಟರ್ ಒಂದಿದೆ. ಒಂದು ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ. 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಪಿಯ ಕೈಬಿಟ್ಟಾಗ ನಾವು, ಅಂದ್ರೆ ಅಣ್ಣ ತಮ್ಮ ಇಬ್ಬರು, ಇನ್ನೂ ಪ್ರೈಮರಿ ಸ್ಕೂಲು. ಗುಜರಿಗೆ ಹಾಕಮ್ಮ ಅಂತ ಎಷ್ಟೋ ಸಲ ಹೇಳಿದ್ದೇವೆ. ಅಮ್ಮ ಬಿಡಲ್ಲ.

ಬಿಡೋ ಹಾಗೂ ಇಲ್ಲ. ಅಮ್ಮ ಮನೇಲೇ ಡಿಟಿಪಿ ಮಾಡ್ತಾರೆ. ಮದುವೆ ಕಾರ್ಡು, ಗೃಹಪ್ರವೇಶ, ಸಂಘಗಳ ವಾರ್ಷಿಕ ವರದಿ, ಎಲ್ಲಾ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ. ಪೇಜ್‌ಮೇಕರ್ 2001ರ ಆ ಆವೃತ್ತಿಗೇ ನಿಂತುಹೋಯ್ತು. ಅದರ ಫೈಲು ನಮ್ಮ ಲ್ಯಾಪ್‌ಟಾಪಲ್ಲಿ ತೆರೆಯಲ್ಲ. ಬರೀ ಅಕ್ಷರ ಎತ್ತಿಕೊಂಡು ಬಂದ್ರೂ, ಹಳೇ ನುಡಿ ಯೂನಿಕೋಡ್ ಅಲ್ಲವಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ ಹಾಕಿದ ಹಾಗೆ ಕಾಣುತ್ತೆ. ನಮ್ಮ ಮೆಸ್ ಬಿಲ್ ಹೋಗೋದು ಈ ಕೊಂಬು ಟೋಪಿಯಿಂದಲೇ.

ಆಗಸ್ಟ್ ಮಳೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಅಮ್ಮ ಟೈಪ್ ಮಾಡ್ತಿದ್ದಾಗಲೇ ಕರೆಂಟ್ ಹೋಯ್ತು. ಬಂದಮೇಲೆ ಆನ್ ಮಾಡಿದ್ರೆ ಕಪ್ಪು ಪರದೆ: ಸಿಸ್ಟಮ್32 ಒಳಗಿನ ಕಾನ್ಫಿಗ್ ಫೋಲ್ಡರಲ್ಲಿ ‘ಸಿಸ್ಟಮ್’ ಅನ್ನೋ ಫೈಲು ಕಾಣೆಯಾಗಿದೆ, ಇಲ್ಲಾ ಕೆಟ್ಟಿದೆ. ಒಳಗೆ ಹಾಲಿನ ಸೊಸೈಟಿಯ ವರದಿ, 48 ಪುಟದಲ್ಲಿ 46 ಮುಗಿದಿತ್ತು. ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಪೇಟೆಯ ರಿಪೇರಿಯವರು ಫೋನಲ್ಲೇ ‘ಫಾರ್ಮ್ಯಾಟ್ ಮಾಡೋಣ ಬಿಡಿ’ ಅಂದ್ರು.

ಶುಕ್ರವಾರ ರಾತ್ರಿ ನಾವು ಕೂತೆವು.

“ಏನ್ರೋ, ಆಗುತ್ತಾ?”

“ನೋಡ್ತೀವಮ್ಮ.”

ರಿಪೇರಿ ಆಮೇಲೆ, ಮೊದಲು ಫೈಲು ಈಚೆ ತೆಗೀಬೇಕು. ಈ ಕ್ರಮ ತಪ್ಪಿಸೋರ ಮೇಲೆ ನಮಗೆ ನಂಬಿಕೆ ಇಲ್ಲ. ಪೆನ್‌ಡ್ರೈವಿಗೆ ಪಪ್ಪಿ ಲಿನಕ್ಸ್ ಹಾಕಿ ಅದರಿಂದ ಬೂಟ್ ಮಾಡಿದೆವು. ಅದು ರ‍್ಯಾಮ್‌ನಲ್ಲೇ ಓಡುತ್ತೆ, ಹಾರ್ಡ್‌ಡಿಸ್ಕ್ ಬರೀ ಓದೋಕೆ. ಅಮ್ಮನ ಫೋಲ್ಡರ್ ಪೂರ್ತಿ ಕಾಪಿಯಾಯ್ತು. ತಮಾಷೆ ಅಂದ್ರೆ ಕಾಣೆಯಾಗಿದೆ ಅಂದ ‘ಸಿಸ್ಟಮ್’ ಕೂಡ ಅಲ್ಲೇ ಇತ್ತು, ಕೆಟ್ಟು ಕೂತಿತ್ತು. ಅದು ರಿಜಿಸ್ಟ್ರಿಯ ಒಂದು ಭಾಗ. ಯಾವ ಡ್ರೈವರ್, ಯಾವ ಸರ್ವಿಸ್ ಮೊದಲು ಏಳಬೇಕು ಅಂತ ಅದರಲ್ಲೇ ಬರೆದಿರುತ್ತೆ. ಅದಿಲ್ಲದೆ ಎಕ್ಸ್‌ಪಿಗೆ ಹಾರ್ಡ್‌ಡಿಸ್ಕ್ ಮುಟ್ಟೋದು ಹೇಗೆ ಅಂತಲೇ ತಿಳಿಯಲ್ಲ.

ಬೀರುವಲ್ಲಿ ಭಾವಗೀತೆ ಸಿಡಿಗಳ ನಡುವೆ ಎಕ್ಸ್‌ಪಿ ಸಿಡಿ ಸಿಕ್ತು. ಅದರಿಂದ ಬೂಟ್ ಮಾಡಿ ಆರ್ ಒತ್ತಿದ್ರೆ ರಿಕವರಿ ಕನ್ಸೋಲ್. ಪಾಸ್‌ವರ್ಡ್ ಇರಲಿಲ್ಲ, ಬರೀ ಎಂಟರ್. ಚೆಕ್‌ಡಿಸ್ಕ್, ಸ್ಲ್ಯಾಶ್ ಆರ್. ಶೇಕಡ 50ರ ಹತ್ತಿರ ಎಷ್ಟು ಹೊತ್ತು ನಿಂತಿತೆಂದ್ರೆ ನಾವು ಊಟ ಮುಗಿಸಿ, ತಟ್ಟೆ ತೊಳೆದು ಬಂದ್ವಿ.

ವಿಂಡೋಸ್‌ನ ರಿಪೇರ್ ಫೋಲ್ಡರಲ್ಲೂ ಒಂದು ‘ಸಿಸ್ಟಮ್’ ಇರುತ್ತೆ. ಎಲ್ಲರೂ ಅದನ್ನೇ ಕಾಪಿ ಮಾಡ್ತಾರೆ. ನಮ್ಮದರಲ್ಲಿದ್ದದ್ದು 2007ರಲ್ಲಿ ಇನ್‌ಸ್ಟಾಲ್ ಮಾಡಿದ ದಿನದ್ದು. ಅದಕ್ಕೆ ನಮ್ಮ ಪ್ರಿಂಟರೇ ಗೊತ್ತಿಲ್ಲ! ಆದ್ರೆ ಎಕ್ಸ್‌ಪಿ ಆಗಾಗ ರಿಸ್ಟೋರ್ ಪಾಯಿಂಟ್ ಇಟ್ಕೊಳ್ಳುತ್ತೆ, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅನ್ನೋ ಮುಚ್ಚಿಟ್ಟ ಫೋಲ್ಡರಿನಲ್ಲಿ. ಲಿನಕ್ಸಿಗೆ ಈ ಮುಚ್ಚುಮರೆ ಇಲ್ಲ. ಮತ್ತೆ ಪಪ್ಪಿಗೆ ಹೋಗಿ, ಕೆಟ್ಟ ಫೈಲಿನ ಹೆಸರು ಬದಲಿಸಿ, ಮೂರು ದಿನ ಹಿಂದಿನ ಪ್ರತಿಯನ್ನು ‘ಸಿಸ್ಟಮ್’ ಅಂತ ಹೆಸರಿಟ್ಟು ಅಲ್ಲಿ ಕೂರಿಸಿದೆವು.

ರೀಸ್ಟಾರ್ಟ್. ಕಪ್ಪು. ಆಮೇಲೆ ಹಸಿರು ಗುಡ್ಡ, ನೀಲಿ ಆಕಾಶ.

ಅಮ್ಮ ಒಂದು ಮಾತೂ ಆಡದೆ ಕುರ್ಚಿ ಎಳ್ಕೊಂಡ್ರು. ಇಂಗ್ಲಿಷ್ ಮೀಡಿಯಂನ ನಾವು ಫೋನಲ್ಲಿ ‘ನಮಸ್ಕಾರ’ ಹೊಡೆಯೋಕೆ ಇಂಗ್ಲಿಷ್ ಅಕ್ಷರವೇ ಒತ್ತೋರು. ಅವರು ಕೀಬೋರ್ಡ್ ನೋಡೋದೇ ಇಲ್ಲ. ಒತ್ತಕ್ಷರಕ್ಕೆ ಒತ್ತೋ ಎಫ್ ಕೀ ಮೇಲಿನ ಅಕ್ಷರ ಸವೆದು ಎಷ್ಟೋ ವರ್ಷವಾಯ್ತು. ಕರೆಂಟ್ ಹೋಗೋ ಮುಂಚೆ ಸೇವ್ ಆಗದ ಅರ್ಧ ಪುಟ ಮಾತ್ರ ಹೋಗಿತ್ತು. ಅದನ್ನ ನೆನಪಿನಿಂದಲೇ ಹೊಡೆದ್ರು.

ಡಿಸ್ಕಿಗೆ ವಯಸ್ಸಾಗಿದೆ, ಚೆಕ್‌ಡಿಸ್ಕ್ ಅದನ್ನೇ ಹೇಳಿತು. ಹಳೇ ಫೈಲುಗಳನ್ನೆಲ್ಲ ಪಿಡಿಎಫ್ ಮಾಡಿ, ಬೇರೆ ಡಿಸ್ಕ್ ಹಾಕೋಣ ಅಂದೆವು.

“ಸೋಮವಾರ ಕಳೀಲಿ,” ಅಂದ್ರು ಅಮ್ಮ, ತಿರುಗದೇ. “ಅಲ್ಲೀತನಕ ಇಬ್ಬರೂ ಇದನ್ನ ಮುಟ್ಟಬೇಡಿ.”