ಹದಿನೆಂಟರಲ್ಲಿ ಹದಿಮೂರು

ಹೋದ ತಿಂಗಳು ಹಾಸ್ಟೆಲ್ ಮುಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಫಸ್ಟ್ ಇಯರ್ ಹುಡುಗನೊಬ್ಬ ತನ್ನ ಸೈಕಲ್ಲಿನ ಎಡಗಡೆ ಪೆಡಲ್ ಬಿಚ್ಚೋಕೆ ಒದ್ದಾಡ್ತಾ ಇದ್ದ. ಪಾನಾ ಹಾಕಿ ಜಗ್ಗಿದ, ಪಾನಾದ ಮೇಲೆ ನಿಂತು ನೋಡಿದ, ಕೊನೆಗೆ ಎಲ್ಲಿಂದಲೋ ಒಂದು ಕಬ್ಬಿಣದ ಪೈಪು ತಂದು ಪಾನಾದ ಹಿಡಿಗೆ ಸಿಗಿಸಿ ಇನ್ನೂ ಜೋರಾಗಿ ಜಗ್ಗಿದ. ಪಾಪ, ಜಗ್ಗಿದಷ್ಟೂ ಅದು ಬಿಗಿಯಾಗ್ತಾ ಇತ್ತು. ಸುತ್ತ ನಿಂತವರು ನಗ್ತಾ ಇದ್ದರು. ನಾವು ನಗಲಿಲ್ಲ. ಹತ್ತಿರ ಹೋಗಿ, 'ಉಲ್ಟಾ ತಿರುಗಿಸು, ಎಡಗಡೆ ಪೆಡಲ್ಲಿನ ಥ್ರೆಡ್ಡು ಉಲ್ಟಾ ಇರುತ್ತೆ' ಅಂದ್ವಿ. ಅವನು ನಮ್ಮನ್ನ ದೊಡ್ಡ ಮೆಕ್ಯಾನಿಕ್ಕುಗಳ ಹಾಗೆ ನೋಡಿದ. ಅವನಿಗೆ ಆವತ್ತು ಹೇಳದೇ ಬಿಟ್ಟಿದ್ದನ್ನ ಇಲ್ಲಿ ಹೇಳಿಬಿಡ್ತೀವಿ.

ನಾವು ಅಂದರೆ ಇಬ್ಬರು. ಅಣ್ಣತಮ್ಮಂದಿರ ಮಕ್ಕಳು, ಒಂದೇ ವಯಸ್ಸು, ಒಂದೇ ಕಾಲೇಜು, ಬ್ರಾಂಚು ಮಾತ್ರ ಬೇರೆ. ಒಬ್ಬ ಮೆಕ್ಯಾನಿಕಲ್, ಅದು ಇನ್ನೂ ನಾಚಿಕೆಯ ವಿಷಯ. ಬರೀತಾ ಇರೋದು ಒಬ್ಬನೇ ಆದರೂ ತಪ್ಪುಗಳೆಲ್ಲ ಪಾಲಿನಲ್ಲಿ ಮಾಡಿದ್ದರಿಂದ 'ನಾವು' ಅಂತಲೇ ಬರೀತೀವಿ.

ನಮ್ಮೂರು ನವಲಗುಂದ ತಾಲೂಕಿನಲ್ಲಿ. ಓದಿದ್ದು ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಊರಿಗೆ ಹೋಗ್ತಿದ್ದದ್ದು ರಜೆಗೆ ಮಾತ್ರ. ಮನೆಯಲ್ಲಿ ಎರಡು ಸೈಕಲ್ ಇದ್ದವು. ಒಂದು ಅಜ್ಜನದು, ಕರೀ ಬಣ್ಣದ್ದು, ಕಂಬಿ ಬ್ರೇಕಿನದು, ಸೀಟಿನ ಮೇಲೆ ಕೂತರೆ ನಮ್ಮ ಕಾಲು ಪೆಡಲ್ಲಿಗೇ ಮುಟ್ಟುತ್ತಿರಲಿಲ್ಲ. ಇನ್ನೊಂದು ಅಕ್ಕನದು, ದೊಡ್ಡಪ್ಪನ ಮಗಳದು. ಎಂಟನೇ ಇಯತ್ತೆಗೆ ಸರ್ಕಾರದಿಂದ ಬಂದ ಸೈಕಲ್. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ಇಯತ್ತೆ ಮಕ್ಕಳಿಗೆ ಸೈಕಲ್ ಕೊಡೋ ಆ ಯೋಜನೆ ಶುರುವಾದದ್ದು 2006-07ರಲ್ಲಿ, ಅಂದರೆ ಹೆಚ್ಚುಕಡಿಮೆ ನಾವು ಹುಟ್ಟಿದ ಹೊತ್ತಿಗೆ. ಕೊರೊನಾ ಬಂದಮೇಲೆ ಅದು ನಿಂತುಹೋಯಿತು. ಅಕ್ಕನಿಗೆ ಸಿಕ್ಕಿದ್ದು 2016ರಲ್ಲಿ. ಹೈಸ್ಕೂಲು ಪಕ್ಕದೂರಲ್ಲಿ, ಐದು ಕಿಲೋಮೀಟರ್ ದೂರ. ನಮಗೆ ಅಂಥ ಸೈಕಲ್ ಸಿಗೋ ಹಾಗಿರಲಿಲ್ಲ ಅಂತ ಒಳಗೊಳಗೇ ಹೊಟ್ಟೆಕಿಚ್ಚು. ಸ್ಕೂಲ್ ವ್ಯಾನು ಬಾಗಿಲಿಗೇ ಬರುತ್ತಿದ್ದ ನಮಗೆ ಸೈಕಲ್ ಯಾಕೆ ಬೇಕಿತ್ತೋ ಗೊತ್ತಿಲ್ಲ.

ಮೊದಲು ಕಲಿತದ್ದು ಅಜ್ಜನ ಸೈಕಲ್ಲಿನಲ್ಲಿ, ಒಳಪೆಡಲ್ ಹೊಡೆದು. ಸೀಟನ್ನ ಕಂಕುಳಲ್ಲಿ ಅವುಚಿಕೊಂಡು, ಕಂಬಿ ಕೆಳಗಿಂದ ಒಂದು ಕಾಲು ಆಚೆ ತೂರಿಸಿ, ಸೊಟ್ಟಗೆ ನಿಂತು ತುಳಿಯೋದು. ಹೋಗೋದು ಎರಡೇ ದಿನದಲ್ಲಿ ಬಂತು. ನಿಲ್ಲಿಸೋದು ಬರಲಿಲ್ಲ. ಹಾಗಾಗಿ ನಾವು ಹನುಮಪ್ಪನ ಗುಡಿ ಕಟ್ಟೆಗೆ ಸೈಕಲ್ ತಾಗಿಸಿ ನಿಲ್ಲಿಸ್ತಿದ್ವಿ. ಕಟ್ಟೆ ಮೇಲೆ ಕೂತ ಹಿರಿಯರು ನಾವು ದೂರದಲ್ಲಿ ಕಂಡ ಕೂಡಲೇ ಎರಡೂ ಕಾಲು ಮೇಲೆತ್ತಿಕೊಳ್ಳೋರು, ಮಾತು ಮಾತ್ರ ನಿಲ್ಲಿಸ್ತಿರಲಿಲ್ಲ. ಒಂದು ದಿನ ಒಬ್ಬರು ಕಾಲೆತ್ತೋದು ಮರೆತರು. ಅದನ್ನ ಇಲ್ಲಿ ವಿವರಿಸೋದು ಬೇಡ.

ಆಮೇಲೆ ಎರಿ ಮಣ್ಣಿನ ಪಾಠ. ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಇದನ್ನ ಹೇಳಬೇಕಾಗಿಲ್ಲ, ಕಲಘಟಗಿ ಕಡೆಯವರಿಗೆ ಹೇಳಬೇಕು. ದಸರಾ ರಜೆಯಲ್ಲಿ ಒಂದು ಬೆಳಗ್ಗೆ ಹತ್ತು ನಿಮಿಷದ ಮಳೆ ಬಂದು ನಿಂತಿತು. ಬಿಸಿಲೂ ಬಂತು. ಬೆಣ್ಣಿಹಳ್ಳದ ಕಡೆ ಹೊಲಕ್ಕೆ ಹೋಗಿ ಬರ್ತೀವಿ ಅಂತ ಅಕ್ಕನ ಸೈಕಲ್ ತಗೊಂಡು ಹೊರಟ್ವಿ, ಒಬ್ಬ ಸೀಟಿನ ಮೇಲೆ, ಒಬ್ಬ ಕ್ಯಾರಿಯರ್ ಮೇಲೆ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದು ಐವತ್ತು ಹೆಜ್ಜೆ ಹೋಗಿರಲಿಲ್ಲ, ಗಾಲಿ ನಿಂತಿತು. ಟೈರಿಗೆ ಅಂಟಿದ ಮಣ್ಣು ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಗಾಲಿ ಒಂದು ಇಂಚೂ ತಿರುಗ್ತಿಲ್ಲ. ನೀರು ಹಾಕಿದರೆ ತೊಳೆದು ಹೋಗುತ್ತೆ ಅಂತ ತಗ್ಗಿನಲ್ಲಿದ್ದ ನೀರನ್ನ ಬೊಗಸೆಯಲ್ಲಿ ತಂದು ಹಾಕಿದ್ವಿ. ಎರಿ ಮಣ್ಣಿನಲ್ಲಿರೋ ಜೇಡಿ ನೀರು ಕುಡಿದು ಉಬ್ಬುತ್ತೆ ಅನ್ನೋದನ್ನ ಸಿವಿಲ್‌ನವರು ಈಗ ನಮಗೆ ಹೇಳ್ತಾರೆ. ಆವತ್ತು ನಾವು ಪ್ರಯೋಗ ಮಾಡಿ ನೋಡಿದ್ವಿ. ಕೊನೆಗೆ ಸೈಕಲ್ ಹೊತ್ತುಕೊಂಡು ಬಂದ್ವಿ. ದಾರಿಯಲ್ಲಿ ಸಿಕ್ಕ ಒಬ್ಬ ಅಜ್ಜ ಕೇಳಿದ, 'ಅದು ನಿಮ್ಮನ್ನ ಹೊರೂದೋ, ನೀವು ಅದನ್ನ ಹೊರೂದೋ?'

ಇವೆಲ್ಲ ಓಡಿಸುವಾಗಿನ ತಪ್ಪು. ಬಿದ್ದರೆ ನಾವೇ ಬೀಳ್ತಿದ್ವಿ. ರಿಪೇರಿಗೆ ಕೈ ಹಾಕಿದ ಮೇಲೆ ಲೆಕ್ಕ ಬೇರೆ ಆಯಿತು.

ಒಂದು ದಿನ ಅಕ್ಕನ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಗಾಳಿ ನಿಲ್ತಾ ಇರಲಿಲ್ಲ. ಪಂಚರ್ ಅಂತ ನಾವೇ ತೀರ್ಮಾನ ಮಾಡಿದ್ವಿ. ಅಮ್ಮನ ಅಡಿಗೆಮನೆಯಿಂದ ಎರಡು ಸ್ಟೀಲ್ ಚಮಚ ತಂದು, ಅದರ ಹಿಡಿಯಿಂದ ಮೀಟಿ ಟೈರು ಬಿಚ್ಚಿದ್ವಿ. (ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ.) ಟ್ಯೂಬನ್ನ ಬಕೆಟ್ ನೀರಿನಲ್ಲಿ ಅದ್ದಿದರೆ ಗುಳ್ಳೆ ಬಂತು. ಉಜ್ಜುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಹಸಿ ಇರುವಾಗಲೇ ಪಟ್ಟಿ ಒತ್ತಿದ್ವಿ. ಸಂಜೆಗೆ ಗಾಳಿ ಹೋಯಿತು. ಮತ್ತೆ ಬಿಚ್ಚಿ ಮತ್ತೆ ಒತ್ತಿದ್ವಿ. ಸೊಲ್ಯೂಷನ್ ಗಾಳಿಗೆ ಆರಿ, ಬೆರಳಿಗೆ ಅಂಟದ ಹಾಗಾದ ಮೇಲೆ ಪಟ್ಟಿ ಹಾಕಬೇಕು. ಇಲ್ಲದಿದ್ದರೆ ಒಳಗೆ ಉಳಿದ ದ್ರಾವಕ ಪಟ್ಟಿಯನ್ನ ಹಿಡಿಯೋಕೆ ಬಿಡೋದಿಲ್ಲ. ಇದು ಆಮೇಲೆ ಗೊತ್ತಾಯಿತು. ಅದಕ್ಕಿಂತ ಆಮೇಲೆ ಗೊತ್ತಾದದ್ದು ಏನಂದರೆ, ಮೊದಲು ಪಂಚರ್ರೇ ಆಗಿರಲಿಲ್ಲ. ವಾಲ್ವಿನ ಮೇಲಿನ ಸಣ್ಣ ರಬ್ಬರ್ ಕೊಳವೆ, ವಾಲ್‌ಟ್ಯೂಬ್, ಸೀಳಿತ್ತು. ನೀರಿನಲ್ಲಿ ಗುಳ್ಳೆ ಬಂದ ತೂತು ನಮ್ಮ ಚಮಚದಿಂದ ಆದದ್ದು. ವಾಲ್ವಿನ ಬಾಯಿಗೆ ಒಂದು ಹನಿ ಉಗುಳು ಹಚ್ಚಿ ನೋಡಿದ್ದರೆ ಅರ್ಧ ನಿಮಿಷದ ಕೆಲಸ.

ಇಷ್ಟಾದ ಮೇಲೂ ನಮಗೆ ಬುದ್ಧಿ ಬರಲಿಲ್ಲ.

2018ರ ಡಿಸೆಂಬರ್. ನಮ್ಮ ಶಾಲೆಗೆ ಕ್ರಿಸ್‌ಮಸ್ ರಜೆ, ಅಕ್ಕನ ಶಾಲೆಗೆ ಇಲ್ಲ. ಅವಳು ಆಗ ಹತ್ತನೇ ಇಯತ್ತೆ, ಬೆಳಗ್ಗೆ ಎಂಟೂವರೆಗೆ ಸ್ಪೆಷಲ್ ಕ್ಲಾಸು. ನಮ್ಮೂರಿಂದ ಆ ಕಡೆ ಬಸ್ಸು ಒಂಬತ್ತೂವರೆಗೆ. ಹಿಂದಿನ ಗಾಲಿ ಕಿರ್ ಕಿರ್ ಅಂತ ಸದ್ದು ಮಾಡ್ತಾ ಇತ್ತು. ಒಂದು ರವಿವಾರ ಅವಳು ಬಟ್ಟೆ ಒಗೆಯೋಕೆ ಹೋದಾಗ ನಾವು ಸೈಕಲ್ಲನ್ನ ಹಿತ್ತಲಿಗೆ ತಂದು ಉಲ್ಟಾ ನಿಲ್ಲಿಸಿದ್ವಿ. ಗ್ರೀಸ್ ಹಾಕಿ ಅವಳಿಗೆ ಆಶ್ಚರ್ಯ ಮಾಡಬೇಕು ಅಂತ. ಕೆಟ್ಟ ಉದ್ದೇಶ ಇರಲಿಲ್ಲ, ಅದನ್ನಾದರೂ ಬರೆದುಕೊಳ್ಳಲಿಕ್ಕೆ ಬಿಡಿ.

ಒಂದು ಪಾನಾ, ಒಂದು ಪಕ್ಕಡ, ಒಂದು ವಾಟಗದಲ್ಲಿ ಚಿಮಣಿ ಎಣ್ಣೆ. ನಟ್ಟು ಬಿಚ್ಚಿ ಗಾಲಿ ಹೊರಗೆ ತೆಗೆದ್ವಿ. ಆಕ್ಸಲ್ಲಿನ ಮೇಲಿನ ಕೋನು ತಿರುಗಿಸಿದ್ವಿ. ಅದು ಕೈಗೆ ಬಂದದ್ದೇ ತಡ, ಹಬ್ಬಿನ ಒಳಗಿಂದ ಗುಂಡುಗಳು ಜೋಳದ ಕಾಳಿನ ಹಾಗೆ ಉದುರಿದವು. ನಾವು ಕೆಳಗೆ ಬಟ್ಟೆ ಹಾಸಿರಲಿಲ್ಲ. ಡಿಸೆಂಬರ್ ಅಂದರೆ ಎರಿ ನೆಲ ಒಣಗಿ ಬಿರುಕು ಬಿಡೋ ಕಾಲ. ಹಿತ್ತಲಲ್ಲಿ ಬೆರಳು ಹೋಗುವಷ್ಟು ಅಗಲದ ಬಿರುಕುಗಳಿದ್ದವು. ಗುಂಡುಗಳು ಉರುಳಿ ಅದರೊಳಗೆ ಇಳಿದು ಹೋಗೋದನ್ನ ಕಣ್ಣಾರೆ ನೋಡಿದ್ವಿ. ಕಡ್ಡಿ ಹಾಕಿ ಕೆದಕಿದ್ವಿ, ಇನ್ನೂ ಆಳಕ್ಕೆ ಹೋದವು.

ಸಿಕ್ಕಿದ್ದು ಹದಿಮೂರು. ಎಷ್ಟಿದ್ದವು ಅಂತ ಮೊದಲು ಎಣಿಸಿರಲಿಲ್ಲ. ಎರಡು ಬದಿಗೆ ಸಮ ಹಂಚಬೇಕಾದ ವಸ್ತು ಬೆಸ ಸಂಖ್ಯೆಯಲ್ಲಿದೆ ಅಂದರೆ ಏನೋ ತಪ್ಪಿದೆ ಅಂತ ಏಳನೇ ಕ್ಲಾಸಿನವರಿಗೆ ತಿಳಿಯಬೇಕಿತ್ತು. ನಾವು ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಆರು ಹಾಕಿದ್ವಿ. ಕೋನು ಬಿಗಿ ಮಾಡಿದರೆ ಗಾಲಿ ತಿರುಗಲ್ಲ, ಸಡಿಲ ಮಾಡಿದರೆ ಆ ಕಡೆ ಈ ಕಡೆ ಓಲಾಡುತ್ತೆ. ಸಡಿಲವೇ ಇರಲಿ ಅಂತ ಬಿಟ್ವಿ. ಕೋನಿನ ಮೇಲೆ ಲಾಕ್ ನಟ್ಟು ಕೂರಿಸಿ, ಎರಡಕ್ಕೂ ಪಾನಾ ಹಿಡಿದು ಎದುರುಬದುರು ಬಿಗಿಯಬೇಕು. ನಮ್ಮ ಹತ್ತಿರ ಇದ್ದದ್ದು ಒಂದೇ ಪಾನಾ. ಸದ್ದು ಮಾತ್ರ ನಿಂತಿತ್ತು. ಸೈಕಲ್ಲನ್ನ ಮೊದಲು ಇದ್ದ ಹಾಗೇ ಗೋಡೆಗೆ ಆನಿಸಿ ಇಟ್ಟು, ಕೈ ತೊಳೆದುಕೊಂಡು, ಏನೂ ಆಗೇ ಇಲ್ಲ ಅನ್ನೋ ಹಾಗೆ ಒಳಗೆ ಬಂದ್ವಿ.

ಮರುದಿನ ಸಂಜೆ ಅಕ್ಕ ಸೈಕಲ್ ನೂಕಿಕೊಂಡು ಬಂದಳು. ಬೆಳಗ್ಗೆ ಅರ್ಧ ದಾರಿಯಲ್ಲಿ ಕೋನು ಸಡಿಲಾಗಿ, ಗಾಲಿ ವಾಲಿ ಫ್ರೇಮಿಗೆ ಹತ್ತಿ, ಚೈನು ಬಿದ್ದು, ಅವಳೂ ಬಿದ್ದಿದ್ದಳು. ಮೊಣಕಾಲು ಕಿತ್ತಿತ್ತು. ಅಲ್ಲಿಂದ ನೂಕಿಕೊಂಡೇ ಶಾಲೆಗೆ ಹೋಗಿದ್ದಳು, ನೂಕಿಕೊಂಡೇ ಬಂದಿದ್ದಳು. ಮನೆ ಮುಟ್ಟೋ ಹೊತ್ತಿಗೆ ಕತ್ತಲಾಗಿತ್ತು.

ಅಜ್ಜ ಪಡಸಾಲೆಯಲ್ಲಿ ಕೂತಿದ್ದ. ಸೈಕಲ್ ನೋಡಿದ. 'ಪುಕ್ಕಟ ಬಂದದ್ದಕ್ಕ ಕಿಮ್ಮತ್ತ ಇಲ್ಲ ನಿನಗ. ಹೆಂಗ ಮಾಡಿ ಇಟ್ಟಿ ನೋಡ ಅದನ್ನ' ಅಂದ. ದೊಡ್ಡವ್ವ ಕತ್ತಲಲ್ಲಿ ಒಬ್ಬಳೇ ನಡಕೊಂಡು ಬರೋದು ಹೆಂಗ ಅಂತ ಶುರು ಮಾಡಿದಳು. ಅದಕ್ಕೆ ಅಜ್ಜ, 'ಎದಕ ಬರಬೇಕ ನಡಕೊಂಡ? ಮನ್ಯಾಗ ಓದ್ಲಿ. ಪರೀಕ್ಷೆ ಬಂದಾಗ ಹೋಗಿ ಬರದ ಬರ್ಲಿ, ಸಾಕು' ಅಂದ. ಜಗಳದ ದನಿಯಲ್ಲಲ್ಲ, ಮಾಮೂಲಿ ಮಾತಿನ ಹಾಗೆ.

ನಾವು ಅಲ್ಲೇ ಕೂತು ಕಡಲೆ ಸುಲಗಾಯಿ ತಿಂತಾ ಇದ್ವಿ. ಹೊಲದಿಂದ ಅಜ್ಜನೇ ನಮಗಂತ ಕಿತ್ತು ತಂದದ್ದು. ಒಬ್ಬ ಇನ್ನೊಬ್ಬನ ಮುಖ ನೋಡಿದ. ಹೇಳೋಕೆ ಒಂದು ವಾಕ್ಯ ಸಾಕಿತ್ತು. ಅಕ್ಕ ಬಂದು ನಮ್ಮ ಪಕ್ಕದಲ್ಲಿ ಕೂತಳು. ಎಷ್ಟು ಸೋಪು ಹಚ್ಚಿದರೂ ಚಿಮಣಿ ಎಣ್ಣೆ ವಾಸನೆ ಒಂದೇ ದಿನಕ್ಕೆ ಹೋಗಲ್ಲ, ಉಗುರಿನ ಸಂದಿಯಲ್ಲಿ ಕರೀ ಗ್ರೀಸೂ ಇತ್ತು. ಅವಳು ನಮ್ಮ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡಳು. ನಾವು ಸುಲಗಾಯಿ ಸುಲಿಯೋದು ಮುಂದುವರಿಸಿದ್ವಿ.

ಆ ವಾರ ಅವಳು ನಡಕೊಂಡೇ ಹೋದಳು. ಏಳು ಗಂಟೆಗೆಲ್ಲ ಮನೆ ಬಿಡೋಳು. ನಾವು ಕಂಬಳಿ ಹೊದ್ದು ಮಲಗಿದ್ದಾಗ ಬಾಗಿಲ ಚಿಲಕದ ಸದ್ದು ಕೇಳಿಸ್ತಿತ್ತು. ಎಚ್ಚರ ಇದ್ದರೂ ಏಳ್ತಿರಲಿಲ್ಲ. ಜನವರಿ ಒಂದಕ್ಕೆ ಹುಬ್ಬಳ್ಳಿಗೆ ವಾಪಸ್ ಬಂದ್ವಿ. ಮುಂದಿನ ಬೇಸಿಗೆ ರಜೆಗೆ ಹೋದಾಗ ಸೈಕಲ್ ಸರಿಯಾಗಿತ್ತು, ಅವಳು ಪಾಸಾಗಿದ್ದಳು, ಯಾರೂ ಏನೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ಅಜ್ಜ 2021ರಲ್ಲಿ ತೀರಿಕೊಂಡ. ಅವನಿಗೆ ಹೇಳೋದು ಹಾಗೇ ಉಳಿಯಿತು.

ಈ ವರ್ಷ ದಸರಾಕ್ಕೆ ಊರಿಗೆ ಹೋದ್ವಿ. ಅಕ್ಕ ಈಗ ಧಾರವಾಡದಲ್ಲಿ ಬಿ.ಎಡ್. ಮಾಡ್ತಾಳೆ, ಅವಳೂ ಬಂದಿದ್ದಳು. ಆ ಸೈಕಲ್ಲಿಗೆ ದೊಡ್ಡಪ್ಪ ಹಾಲಿನ ಕ್ಯಾನು ತೂಗುಹಾಕಿಕೊಂಡು ಡೈರಿಗೆ ಹೋಗ್ತಾನೆ. ಎಡಗಡೆ ಪೆಡಲ್ ಮುರಿದಿತ್ತು. 'ಇಂಜಿನಿಯರ್ ಆಗಾಕತ್ತೀರಿ, ಇಷ್ಟ ಮಾಡಿಕೊಡ್ರಲಾ' ಅಂದ. ಹೊಸ ಪೆಡಲ್ ತಂದ್ವಿ, ಹಳೆಯದಕ್ಕೆ ಪಾನಾ ಹಾಕಿ ಜಗ್ಗಿದ್ವಿ. ಜಗ್ಗಿದ್ವಿ, ಜಗ್ಗಿದ್ವಿ. ಆ ಫಸ್ಟ್ ಇಯರ್ ಹುಡುಗ ಮಾಡಿದ್ದೆಲ್ಲವನ್ನೂ, ಪೈಪಿನ ಸಮೇತ, ನಾವು ಅವನಿಗಿಂತ ಒಂದು ತಿಂಗಳು ಮೊದಲೇ ಮಾಡಿದ್ವಿ. ಜೋಳ ಹಸನು ಮಾಡ್ತಾ ಕೂತಿದ್ದ ಅಕ್ಕ ತಲೆ ಎತ್ತದೇ ಅಂದಳು, 'ಆ ಕಡೀದು ಉಲ್ಟಾ ಇರತೈತಿ. ಬಲಕ್ಕ ತಿರುವ್ರಿ.' ತಿರುವಿದ್ವಿ. ಬಂತು.

ಯಾಕೆ ಉಲ್ಟಾ ಅಂತ ಮೆಕ್ಯಾನಿಕಲ್‌ನವನು ಆಮೇಲೆ ವಿವರಿಸಿದ. ಮುಷ್ಟಿಯಲ್ಲಿ ಪೆನ್ಸಿಲ್ ಸಡಿಲವಾಗಿ ಹಿಡಿದು ಅದರ ತುದಿಯನ್ನ ವೃತ್ತಾಕಾರವಾಗಿ ಸುತ್ತಿಸಿದರೆ, ಮುಷ್ಟಿಯೊಳಗೆ ಪೆನ್ಸಿಲ್ಲು ವಿರುದ್ಧ ದಿಕ್ಕಿಗೆ ಉರುಳುತ್ತೆ. ಪೆಡಲ್ಲಿನ ಆಕ್ಸಲ್ಲೂ ಕ್ರ್ಯಾಂಕಿನ ತೂತಿನಲ್ಲಿ ಹಾಗೇ ಕೂದಲೆಳೆಯಷ್ಟು ಉರುಳುತ್ತೆ. ಎಡಗಡೆಯೂ ಮಾಮೂಲಿ ಥ್ರೆಡ್ ಇದ್ದರೆ ತುಳೀತಾ ತುಳೀತಾ ಪೆಡಲ್ ಕಳಚಿ ಬೀಳುತ್ತೆ. ಚೆನ್ನಾಗಿ ವಿವರಿಸಿದ. ಪೆಡಲ್ ಬಿಚ್ಚಿದವಳು ಮಾತ್ರ ಅವಳು.

'ನಿನಗ ಹೆಂಗ ಗೊತ್ತ ಅಕ್ಕಾ?'

'ಸೈಕಲ್ ಅಂಗಡಿ ಚಾಚಾ ಹೇಳಿಕೊಟ್ಟಾನ. ಆವತ್ತ ಹಬ್ ಬಿಚ್ಚಿ, ಗುಂಡ ಎಣಿಸಿ, "ಒಂದೊಂದ ಕಡಿ ಒಂಬತ್ತ ಇರಬೇಕ ಬೇಟಿ, ಹದಿನೆಂಟರಾಗ ಹದಿಮೂರ ಅದಾವ. ಉಳಿದ ಐದ ಯಾರ ನುಂಗಿದ್ರು?" ಅಂದ.'

ಆರು ವರ್ಷ ದಾಟಿತ್ತು. 'ಅಕ್ಕಾ, ಆವತ್ತ ಆ ಸೈಕಲ್…' ಅಂತ ಶುರು ಮಾಡಿದ್ವಿ.

'ಗೊತ್ತೈತಿ ತಗೋ.'

'ಮತ್ತ ಯಾಕ ಹೇಳಲಿಲ್ಲ ಅಜ್ಜಗ?'

ಮೊರ ಕೆಳಗಿಟ್ಟಳು. 'ಹೇಳಿದ್ರ ನಿಮಗ ಬೈತಿದ್ರೇನ? ಹುಬ್ಬಳ್ಳಿಯಿಂದ ಬಂದ ಹುಡುಗರು ನೀವು. ಅವರ ಕೈಯಾಗ ಯಾಕ ಕೊಟ್ಟಿ ಅಂತ ಮತ್ತ ನನಗ ಬೈತಿದ್ರು.'

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆವತ್ತು ಸುಲಗಾಯಿ ತಿನ್ನುವಾಗ ನಮಗೂ ಅದು ಒಂಥರಾ ಗೊತ್ತಿತ್ತು.

ಆಕ್ಸಲ್ಲು, ಎರಡು ಕೋನು, ಹೊಸ ಗುಂಡು, ಚಾಚಾನ ಮಜೂರಿ ಎಲ್ಲ ಸೇರಿ ನೂರಾ ಐವತ್ತು ರೂಪಾಯಿ ಆಗಿತ್ತಂತೆ. ಗಣಿತದ ಗೈಡಿಗೆ ಅಂತ ಕೂಡಿಟ್ಟಿದ್ದನ್ನ ಕೊಟ್ಟಿದ್ದಳು. ಗೈಡನ್ನ ಗೆಳತಿ ಹತ್ತಿರ ಇಸಕೊಂಡು ಓದಿದಳಂತೆ.

ಕಾಲೇಜಿಗೆ ವಾಪಸ್ ಬಂದಮೇಲೆ ಫೋನಿನಲ್ಲಿ ನೂರಾ ಐವತ್ತು ಕಳಿಸಿದ್ವಿ. ಸಂಜೆ ತನಕ ಏನೂ ಉತ್ತರ ಇಲ್ಲ. ಬೇಜಾರಾಯಿತೇನೋ ಅಂತ ಹೆದರಿದ್ವಿ. ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂತು, 'ಆ ಗೈಡಿಗೆ ಈಗ ಇನ್ನೂರಾ ಎಂಬತ್ತು ಐತಿ.'

ಉಳಿದ ನೂರಾ ಮೂವತ್ತನ್ನ ಅರವತ್ತೈದು ಅರವತ್ತೈದು ಹಾಕಿ ಕಳಿಸಿದ್ವಿ.