ಘಟ್ಟದ ಜೀಪಿಗೆ ಹೊಸ ಸೂಜಿಗಳು

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಘಟ್ಟದ ಮೇಲಿನ ಊರುಗಳು; ಕಡಲು ಕೆಳಗಿದೆ. ಕುಮಟೆಗಾಗಲಿ ಅಂಕೋಲೆಗಾಗಲಿ ಹೋಗಿಬರಬೇಕಾದವರು ಶಿರಸಿಯಿಂದ ದೇವಿಮನೆ ಘಟ್ಟವನ್ನೋ, ಸಿದ್ದಾಪುರದಿಂದ ದೊಡ್ಮನೆ ಘಟ್ಟವನ್ನೋ, ಯಲ್ಲಾಪುರದಿಂದ ಅರಬೈಲು ಘಟ್ಟವನ್ನೋ ಇಳಿದು ಮತ್ತೆ ಏರಲೇಬೇಕು. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಕಣಿವೆಯ ತಳದಲ್ಲಿ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಕೆಮ್ಮಣ್ಣಿನ ಏರು. ಇಂತಹ ಸೀಮೆಯಲ್ಲಿ ಅಜ್ಜನ ಕಾಲದ ಜೀಪನ್ನು ಮಾರಲು ಮನಸ್ಸು ಬಾರದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಜೀಪಿನ ವಂಶವೂ ಸಾಮಾನ್ಯವಾದುದಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಅಮೆರಿಕದ ವಿಲ್ಲಿಸ್ ಜೀಪು, ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಬಿಡಿಭಾಗಗಳಾಗಿ ಹಡಗೇರಿ ಮುಂಬಯಿಗೆ ಬಂದು, ಮಹೀಂದ್ರ ಕಾರ್ಖಾನೆಯಲ್ಲಿ ಜೋಡಣೆಗೊಂಡಿತು. ಜೋಡಿಸಿ ಮಾಡಿದ ಗಾಡಿಯಾದುದರಿಂದಲೋ ಏನೋ, ಬಿಚ್ಚಿ ಬೇರೆ ಬಗೆಯಾಗಿ ಜೋಡಿಸುವ ಆಸೆಯನ್ನು ಅದು ಇಂದಿಗೂ ಹುಟ್ಟಿಸುತ್ತದೆ. ಆ ಆಸೆಗಳಲ್ಲಿ ಮಿಕ್ಕವು ಬರಿಯ ಶೋಕಿಯಾಗಿರಬಹುದು; ಡ್ಯಾಶ್‌ಬೋರ್ಡಿಗೆ ಹೊಸ ಮೀಟರುಗಳನ್ನು ಹಾಕಿಸುವುದು ಮಾತ್ರ ಘಟ್ಟ ಕಲಿಸಿದ ಬುದ್ಧಿ.

ಏರಿನಲ್ಲಿ ಗಾಡಿ ಕೆಳಗಿನ ಗಿಯರಿನಲ್ಲಿ ತೆವಳುತ್ತದೆ. ಎಂಜಿನ್ನಿನ ದುಡಿತ ಹೆಚ್ಚು, ರೇಡಿಯೇಟರಿಗೆ ಬಡಿಯುವ ಗಾಳಿ ಕಡಿಮೆ, ನೀರು ಕಾಯತೊಡಗುತ್ತದೆ. ಕೆಂಪು ದೀಪ ಹೊತ್ತುವುದು ಅನಾಹುತ ಹೊಸ್ತಿಲಿಗೆ ಬಂದ ಮೇಲೆ. ಸೂಜಿಯಾದರೋ ಎರಡು ತಿರುವು ಮೊದಲೇ ಹೇಳಿಬಿಡುತ್ತದೆ. ಮಳೆಗಾಲದ ಮಂಜಿನಲ್ಲಿ ಹಗಲಿಗೇ ದೀಪ ಹಚ್ಚಿ, ವೈಪರು ಹಾಕಿ ನಡೆಯುವಾಗ ಹಳೆಯ ಡೈನಮೋ ನಿಧಾನಗತಿಯಲ್ಲಿ ಸಾಕಷ್ಟು ವಿದ್ಯುತ್ತು ಕೊಡದು. ಬ್ಯಾಟರಿ ಬರಿದಾಗುತ್ತಿರುವುದನ್ನು ತಿಳಿಸಲು ಆಮ್ಮೀಟರು ಬೇಕು. ಎಣ್ಣೆಯ ಒತ್ತಡದ ಹಳೆಯ ಬಗೆಯ ಮೀಟರಿನೊಳಗೆ ಬಾಗಿದ ಪುಟ್ಟ ಕೊಳವೆಯೊಂದಿದೆ; ಒತ್ತಡ ಏರಿದಂತೆ ಅದು ನೆಟ್ಟಗಾಗಲು ಹವಣಿಸಿ ಸೂಜಿಯನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯ ಇನ್ನೂ ಹಳತಾಗಿಲ್ಲ.

ಆದರೆ ತಗಡಿಗೆ ತೂತು ಕೊರೆದರೆ ಮತ್ತೆ ಮುಚ್ಚಲಾಗದು. ಗಂಧದ ಕೊರಡಿನಲ್ಲಿ ಬಳ್ಳಿಯನ್ನೂ ದೇವತೆಗಳನ್ನೂ ಮೂಡಿಸುವ ಗುಡಿಗಾರರ ಸೀಮೆಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾಣರು ಮೊದಲು ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಮೀಟರಿನ ಮುಖದಷ್ಟೇ ದುಂಡಗೆ ಕತ್ತರಿಸಿ, ಡ್ಯಾಶ್‌ಬೋರ್ಡಿಗೆ ಅಂಟಿಸಿ, ಚಾಲಕನ ಪೀಠದಲ್ಲಿ ಕುಳಿತು ನೋಡುತ್ತಾರೆ. ಸ್ಟೀರಿಂಗ್ ಚಕ್ರ ಅದನ್ನು ಮರೆಮಾಡೀತೇ? ತಗಡಿನ ಹಿಂದೆ ವೈಪರಿನ ಸರಳೋ ತಂತಿಗಳ ಕಟ್ಟೋ ಇದೆಯೇ? ಬಿಸಿ ತೋರಿಸುವ ಮೀಟರಿಗೆ ಎಂಜಿನ್ನಿನವರೆಗೆ ಸಣ್ಣ ಕೊಳವೆ ಬೆಸೆದುಕೊಂಡಿದ್ದರೆ ಅದನ್ನು ಕತ್ತರಿಸಿ ಉದ್ದ ಮಾಡುವಂತಿಲ್ಲ, ಮೊದಲೇ ಅಳೆಯಬೇಕು.

ಬ್ಯಾಟರಿಯ ತಂತಿ ಬಿಚ್ಚಿದ ಮೇಲೆಯೇ ಡ್ರಿಲ್ ಕೈಗೆ. ಸಾಮಾನ್ಯ ಚಿಕ್ಕ ಮೀಟರಿನ ಒಡಲು 52 ಮಿಲಿಮೀಟರ್, ಎಂದರೆ ಎರಡು ಅಂಗುಲಕ್ಕಿಂತ ತುಸು ಹೆಚ್ಚು. ಬಣ್ಣ ಏಳದಂತೆ ಕಾಗದದ ಟೇಪು ಅಂಟಿಸಿ, ನಟ್ಟನಡುವೆ ಪಂಚಿನಿಂದ ಗುರುತು ಹೊಡೆದು, ಮೊದಲು ಸಣ್ಣ ತೂತು, ಅನಂತರ ದುಂಡು ಗರಗಸ. ಒಂದೆರಡು ಹನಿ ಎಣ್ಣೆ ಬಿಟ್ಟು ನಿಧಾನವಾಗಿ ತಿರುಗಿಸಬೇಕು. ಅವಸರದ ಕೈಗೆ ತೂತು ಮೊಟ್ಟೆಯಾಕಾರವಾಗುತ್ತದೆ. ಅಂಚನ್ನು ಅರದಿಂದ ಉಜ್ಜಿ ಪ್ರೈಮರು ಬಳಿಯದಿದ್ದರೆ ಮಲೆನಾಡಿನ ಮಳೆ ಒಂದೇ ವರ್ಷದಲ್ಲಿ ತುಕ್ಕಿನ ಬಳೆ ತೊಡಿಸೀತು. ತಂತಿ ತಗಡನ್ನು ದಾಟುವೆಡೆಯಲ್ಲಿ ರಬ್ಬರಿನ ಬಳೆ ಬೇಕೇ ಬೇಕು. ಆಮ್ಮೀಟರಿನ ದಪ್ಪ ತಂತಿ ಸವೆದು ತಗಡಿಗೆ ತಾಗಿದರೆ ಬೆಂಕಿಯೇ.

ಇಷ್ಟಾದರೂ ಕೊರೆಯಲು ಮನಸ್ಸೊಪ್ಪದವರುಂಟು. ಅವರು ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ಪಟ್ಟಿಯೊಂದನ್ನು ತೂಗುಬಿಟ್ಟು ಮೂರು ಮೀಟರುಗಳನ್ನೂ ಅದರಲ್ಲೇ ಕೂರಿಸುತ್ತಾರೆ. ನೋಟಕ್ಕೆ ಅಷ್ಟು ಅಂದವಲ್ಲ. ಆದರೆ ಅಜ್ಜ ಕೈಯಿಟ್ಟ ತಗಡು ಹಾಗೆಯೇ ಉಳಿಯುತ್ತದೆ. ಹಳೆಯ ಗಾಡಿಯ ಮಟ್ಟಿಗೆ ಇದೇ ಮೇಲು.

ಪರೀಕ್ಷೆ ಮಾತ್ರ ಗ್ಯಾರೇಜಿನ ಮುಂದಲ್ಲ, ಅರಬೈಲಿನ ಏರಿನಲ್ಲಿ. ಅಂಕೋಲೆಯ ಕಡೆಯಿಂದ ತುಂಬಿದ ಗಾಡಿ ಒಂದೊಂದೇ ತಿರುವು ಏರುವಾಗ ಬಿಸಿಯ ಸೂಜಿ ಮೆಲ್ಲನೆ ಬಲಕ್ಕೆ ಸರಿಯುತ್ತದೆ. ಅಗಲವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರದ ಹಿಂದೆ ಕಲ್ಲಿಟ್ಟು, ರೇಡಿಯೇಟರಿನ ಮುಚ್ಚಳ ಮುಟ್ಟದೆ ಕುಳಿತರೆ, ಕಾಡಿನ ತಂಪಿನಲ್ಲಿ ಅದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ.