ಸಾಗರದಿಂದ ತೀರ್ಥಹಳ್ಳಿಗೆ, ಗುಬ್ಬಿಗಳ ಜಾಡಿನಲ್ಲಿ

ಲಡಾಖಿನಲ್ಲಿ ಹಿಮಗುಬ್ಬಿಗಳನ್ನು ಕಂಡು ಬಂದಾಗಿನಿಂದ ಮಲೆನಾಡಿನ ಗುಬ್ಬಿಗಳನ್ನೂ ಒಮ್ಮೆ ಸರಿಯಾಗಿ ನೋಡಬೇಕೆಂಬ ಹುಚ್ಚು ಹತ್ತಿತ್ತು. ಹಿಮಗುಬ್ಬಿ ನಮ್ಮ ಗುಬ್ಬಚ್ಚಿಯ ದಾಯಾದಿ. 1828ರಲ್ಲಿ ಜರ್ಮನಿಯ ಬ್ರೇಮ್ ಮಾಂಟಿಫ್ರಿಂಜಿಲ್ಲಾ ಎಂದು ಹೆಸರಿಟ್ಟ ಈ ಕುಲಕ್ಕೆ ಆಲ್ಪ್ಸ್‌ನಿಂದ ಟಿಬೆಟ್‌ವರೆಗಿನ ಬೋಳು ಪರ್ವತಗಳೇ ಮನೆ. ಮರದ ಗೊಡವೆಯಿಲ್ಲ, ಬಂಡೆಯ ಬಿರುಕಿನಲ್ಲಿ ಗೂಡು. ಇವುಗಳ ಬಳಗದವರು ಯಾರಾದರೂ ನಮ್ಮ ಕೊಡಚಾದ್ರಿಯಲ್ಲಿ ಇದ್ದಾರೆಯೇ?

ಸಾಗರದ ಪೇಟೆಯಲ್ಲಿ ಬೆಳಗ್ಗೆಯೇ ಗುಬ್ಬಚ್ಚಿಗಳ ಗಲಾಟೆ ಸಿಕ್ಕಿತು, ಅದೂ ದಿನಸಿ ಅಂಗಡಿಗಳ ಸಾಲಿನಲ್ಲಿ. ಅಡಿಕೆ ಮಂಡಿಯ ಕಡೆ ಒಂದೂ ಇಲ್ಲ. ಅಡಿಕೆಯಿಂದ ಗುಬ್ಬಿಯ ಹೊಟ್ಟೆ ತುಂಬುತ್ತದೆಯೇ! ಬಟ್ಟೆಮಲ್ಲಪ್ಪದ ಮೇಲೆ ಹೊಸನಗರಕ್ಕೆ ಬಸ್ಸು. ದಾರಿಯುದ್ದಕ್ಕೂ ತೋಟ, ನಡುವೆ ಒಂಟಿ ಮನೆಗಳು. ಇಳಿದು ನೋಡಿದಲ್ಲೆಲ್ಲ ಪಿಕಳಾರ, ಮೈನಾ. ಗುಬ್ಬಿ ಮಾತ್ರ ನಾಪತ್ತೆ.

ಹೊಸನಗರದ ಅಂಗಡಿಯೊಂದರಲ್ಲಿ ಅಕ್ಕಿ ಮೂಟೆಯ ಮೇಲೆಯೇ ಅವುಗಳ ದರ್ಬಾರು. ಮೀಟರ್ ಬೋರ್ಡಿನ ಹಿಂದಿನಿಂದ ಹುಲ್ಲು ಇಣುಕುತ್ತಿತ್ತು. "ಟವರಿಂದ ಗುಬ್ಬಿ ಎಲ್ಲಾ ಹೋದ್ವು ಅಂತಾರಲ್ಲ?" ಎಂದೆ. ಯಜಮಾನರು ನಕ್ಕರು. "ಟವರ್ ಅಲ್ಲೇ ಇದೆ ನೋಡಿ, ಗುಬ್ಬಿ ಇಲ್ಲೇ ಇದಾವೆ ಮಾರಾಯ್ರೆ. ನಮ್ಮ ಹಳ್ಳಿ ಮನೇಲಿ ಗದ್ದೆ ತೆಗೆದು ತೋಟ ಹಾಕಿದ್ವಿ, ಕಣ ಹೋಯ್ತು, ಗುಬ್ಬಿನೂ ಹೋಯ್ತು."

ಆ ಮಾತಿನಲ್ಲಿ ಹುರುಳಿದೆ. ಗುಬ್ಬಚ್ಚಿ ಕಾಡಿನ ಹಕ್ಕಿಯಲ್ಲ, ಮನುಷ್ಯ ಚೆಲ್ಲುವ ಕಾಳನ್ನು ನಂಬಿದ ಹಕ್ಕಿ. ಅಂಗಳದಲ್ಲಿ ಭತ್ತದ ಬದಲು ಅಡಿಕೆ ಒಣಗತೊಡಗಿ, ಊಟದ ಅಕ್ಕಿ ಪೇಟೆಯಿಂದ ಬರತೊಡಗಿದಾಗ ಅದೂ ಪೇಟೆ ಸೇರಿರಬೇಕು. ದೇಶದಲ್ಲಿ ಗುಬ್ಬಿಗಳ ಸಂಖ್ಯೆ ಒಟ್ಟಾರೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಇಳಿಕೆ ಕಂಡದ್ದು ಮಹಾನಗರಗಳಲ್ಲಿ ಎಂದು 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೂ ಹೇಳಿತ್ತು.

ಕಟ್ಟಿನಹೊಳೆಯಿಂದ ಜೀಪಿನಲ್ಲಿ ಕುಲುಕಾಡಿ ಕೊಡಚಾದ್ರಿ ಹತ್ತಿದೆ. 1343 ಮೀಟರ್, ಹುಲ್ಲು, ಗಾಳಿ, ಸರ್ವಜ್ಞಪೀಠ. ಗುಬ್ಬಿ ಕುಲದವರು ಒಬ್ಬರೂ ಇಲ್ಲ. ಹಿಮಗುಬ್ಬಿಗೆ ಈ ಎತ್ತರ ಯಾವ ಲೆಕ್ಕ! ಲಡಾಖಿನಲ್ಲಿ ನಾನು ಕಂಡದ್ದು ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲಿ.

1763ರಲ್ಲಿ ಹೈದರಾಲಿಯ ಪಾಲಾದ ನಗರದ ಕೋಟೆಯನ್ನು ಹಾದು ತೀರ್ಥಹಳ್ಳಿ ಮುಟ್ಟುವಾಗ ಸಂಜೆ. ಬಾಲಕ ಸಲೀಂ ಅಲಿ ಹೊಡೆದು ಕೆಡವಿ, ಮುಂದೆ ಅವರನ್ನು ಪಕ್ಷಿಶಾಸ್ತ್ರಜ್ಞರನ್ನಾಗಿಸಿದ ಹಳದಿ ಕೊರಳಿನ ಗುಬ್ಬಿಯ ಆಸೆ ಇತ್ತು, ಸಿಗಲಿಲ್ಲ. ಮರದ ಪೊಟರೆಯಲ್ಲಿ ಗೂಡು ಮಾಡುವ ಅದಕ್ಕೆ ಎಲೆ ಉದುರುವ ಒಣ ಕಾಡು ಬೇಕು, ಈ ಮಳೆಕಾಡಲ್ಲ. ತುಂಗೆಯ ಕಡೆಯ ಹಂಚಿನ ಮನೆಗಳ ಸೂರಿನಲ್ಲಿ ಗುಬ್ಬಚ್ಚಿಗಳು ಮಾತ್ರ ಚಿಂವ್‌ಗುಟ್ಟುತ್ತಿದ್ದವು. ಪಕ್ಕದ ಹೊಸ ಆರ್‌ಸಿಸಿ ಮನೆಗೆ ಒಂದು ಸಂದಾದರೂ ಬೇಡವೇ?

ಮನೆ ಕಟ್ಟಿಸುವ ಮಲೆನಾಡಿಗರೇ, ಸೂರಿನಡಿ 32 ಮಿಲಿಮೀಟರ್ ತೂತಿನ ಮರದ ಪೆಟ್ಟಿಗೆಯೊಂದನ್ನು ಬಿಸಿಲು ಬೀಳದ ಕಡೆ ಹೊಡೆಸಿ, ಅಂಗಳದಲ್ಲಿ ಒಂದು ಹಿಡಿ ನುಚ್ಚು ಚೆಲ್ಲಿ.